ಬಲಗಡೆಯ ಪಟ್ಟಿಗಳು

ಮಾರ್ಚ್ ಒಂಬತ್ತು, ಭಾನುವಾರ, ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಮಾಸ್ಟರ್ ಊಟದ ಮೇಜಿನ ಮೇಲಿದ್ದ ಬ್ರೆಡ್ಡಿನ ತಟ್ಟೆ, ಉಪ್ಪಿನ ಡಬ್ಬಿ, ಮಂಡಿನೋವಿನ ಮುಲಾಮು ಎಲ್ಲವನ್ನೂ ಒಂದು ಪಕ್ಕಕ್ಕೆ ಸರಿಸಿ, ಖಾಲಿಯಾದ ಅರ್ಧದಲ್ಲಿ ಉದ್ದನೆಯ ರಟ್ಟಿನ ಪೆಟ್ಟಿಗೆಯೊಂದನ್ನು ಬಿಚ್ಚಿದರು. ಮುಚ್ಚಳದ ಮೇಲೆ ಎರಡು ಕಂಬಗಳ, ಕಂದು ಹಾಯಿಗಳ ಮೀನುಗಾರರ ಹಡಗಿನ ಚಿತ್ರವಿತ್ತು. ಒಳಗೆ ಹಡಗು ಇರಲಿಲ್ಲ. ತೆಳು ಮರದ ಪಟ್ಟಿಗಳ ಎರಡು ಕಟ್ಟು, ಆಕಾರಗಳನ್ನು ಕೊರೆದಿಟ್ಟ ಪ್ಲೈವುಡ್ ಹಾಳೆ, ದಾರದ ಉಂಡೆ, ಕಾಳಿನ ಗಾತ್ರದ ರಾಟೆಗಳಿದ್ದ ಚೀಲ, ಮಡಿಸಿದ ನಕ್ಷೆ, ಇಂಗ್ಲಿಷಿನ ಒಂದು ಸೂಚನಾಪುಸ್ತಿಕೆ ಇಷ್ಟೇ ಇದ್ದವು.

"ಹಡಗೆಲ್ಲಿ?" ಎಂದರು ಅಜ್ಜಿ. ಮಾಸ್ಟರ ಹೆಂಡತಿಯನ್ನು ಮೊಮ್ಮಗಳು ಕರೆಯುವಂತೆಯೇ ಈಗ ಮನೆಯವರೆಲ್ಲ ಅಜ್ಜಿ ಎನ್ನುತ್ತಿದ್ದರು.

"ಇದೇ ಹಡಗು. ನಾವು ಕಟ್ಕೋಬೇಕು."

"ಹಲ್ಲುಕಡ್ಡಿ ಕೊಟ್ಟು ಹಡಗು ಅಂದ್ರೆ ತಗೊಂಡು ಬಂದ್ಬಿಡೋದಾ?"

"ತಂದಿದ್ದು ನಿನ್ನ ಮಗ. ಅವನನ್ನ ಕೇಳು."

ಮಗ ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುತ್ತಿದ್ದ. ಪರೀಕ್ಷೆಯಲ್ಲಿ ಮತ್ತೆ ಮತ್ತೆ ನಪಾಸಾಗಿ ಕೊನೆಗೂ ಪಾಸಾದ ಒಬ್ಬ ಹೆಂಗಸು, ಗಂಡ ಕೊಂಡು ಬಿಚ್ಚದೆ ಇಟ್ಟಿದ್ದ ಆ ಪೆಟ್ಟಿಗೆಯನ್ನು ಸಂತೋಷಕ್ಕೆ ಅವನ ಕೈಗೆ ಕೊಟ್ಟಿದ್ದಳು. "ಹಿಂದಕ್ಕೆ ಹೋಗೋದು ಬಿಟ್ಟು ಬೇರೆ ಎಲ್ಲಾನೂ ಕಲಿತ್ಲು ಆಕೆ," ಎಂದ ಮಗ. "ಬೇಡ ಅಂದಿದ್ರೆ ಬೇಜಾರು ಮಾಡ್ಕೊಳ್ತಿದ್ಲು."

ಮಾಸ್ಟರ್ ಶರ್ಟ್ ಕಾರ್ಖಾನೆಯೊಂದರಲ್ಲಿ ಕಟಿಂಗ್ ಮಾಸ್ಟರ್ ಆಗಿ ನಿವೃತ್ತರಾದವರು. ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಪದರ ಪದರವಾಗಿ ಹಾಸಿದ ಥಾನನ್ನು ಒಂದೇ ಸಲಕ್ಕೆ ಕತ್ತರಿಸುವ ಕೆಲಸ. ನಿವೃತ್ತಿಯಾದ ಮೇಲೆ ಕೈಗೆ ಕೆಲಸವಿಲ್ಲದೆ, ಮನೆಯಲ್ಲಿದ್ದ ಪರದೆಗಳನ್ನೆಲ್ಲ ಬಿಚ್ಚಿ ಮರಳಿ ಹೊಲಿದಿದ್ದರು. ಈಗ ಅವರು ಒಂದು ಪಟ್ಟಿಯನ್ನು ಬೆರಳುಗಳ ನಡುವೆ ಹಿಡಿದು ಸ್ವಲ್ಪವೇ ಬಾಗಿಸಿ, ಬಿಟ್ಟು, ಅದು ನೆಟ್ಟಗಾಗುವುದನ್ನು ನೋಡಿದರು.

"ಇದರಲ್ಲಿ ಏನು ಬರ್ದಿದೆ ಓದಮ್ಮ," ಎಂದು ಪುಸ್ತಿಕೆಯನ್ನು ಸೊಸೆಯ ಕಡೆ ಚಾಚಿದರು.

ಸೊಸೆ ನೀರು ಸರಬರಾಜು ಇಲಾಖೆಯ ಪ್ರಯೋಗಾಲಯದಲ್ಲಿ ನೀರು ಪರೀಕ್ಷೆ ಮಾಡುತ್ತಿದ್ದಳು. ಕೈ ಒರೆಸಿಕೊಂಡು ಬಂದು, ನಿಂತುಕೊಂಡೇ ಎರಡು ಪುಟ ಓದಿದಳು, ಆಮೇಲೆ ಕುರ್ಚಿ ಎಳೆದುಕೊಂಡಳು. "ಮೊದಲು ಬೆನ್ನುಹಲಗೆ. ಅದಕ್ಕೆ ಅಡ್ಡಕ್ಕೆ ಈ ಪಕ್ಕೆಗಳನ್ನ ಅಂಟಿಸ್ಬೇಕು, ಮೀನಿನ ಮುಳ್ಳಿನ ಹಾಗೆ. ಆಮೇಲೆ ಪಟ್ಟಿಗಳನ್ನ ಬಿಸಿನೀರಲ್ಲಿ ನೆನೆಸಿ, ಪಕ್ಕೆಗಳ ಮೇಲೆ ಬಗ್ಗಿಸಿ ಅಂಟಿಸೋದು. ಮಾವ, ಇಲ್ಲಿ ದಪ್ಪ ಅಕ್ಷರದಲ್ಲಿದೆ. ಎಡಗಡೆ ಒಂದು ಹಾಕಿದ್ರೆ ಬಲಗಡೆ ಒಂದು ಹಾಕ್ಬೇಕಂತೆ. ಯಾವಾಗಲೂ ಜೊತೆಜೊತೆಗೆ."

"ಯಾಕೆ?"

"ಯಾಕೆ ಅಂತ ಬರ್ದಿಲ್ಲ."

"ಹಾಕೋಣ ಬಿಡು. ನಾನು ಎಡ, ನೀನು ಬಲ."

ಅಂದಿನಿಂದ ಮನೆಯ ಊಟ ಮೇಜಿನ ಅರ್ಧಕ್ಕೆ ಇಳಿಯಿತು. ಐದು ಜನರ ಮೊಣಕೈಗಳು ಒಂದಕ್ಕೊಂದು ತಾಗುತ್ತಿದ್ದವು. ತಟ್ಟೆ ತೊಳೆದಾದ ಮೇಲೆ ಮಾವ, ಸೊಸೆ ಎದುರುಬದುರು ಕೂರುತ್ತಿದ್ದರು. ನಡುವೆ ಸ್ಟ್ಯಾಂಡಿನ ಮೇಲೆ ಹಡಗಿನ ಅಸ್ಥಿಪಂಜರ. ಅಂಟು ಒಣಗುವ ತನಕ ಪಟ್ಟಿಯನ್ನು ಒತ್ತಿ ಹಿಡಿಯಲು ಬಟ್ಟೆಯ ಕ್ಲಿಪ್ಪುಗಳು ಬೇಕಾದವು. ಒಂದು ಬೆಳಗ್ಗೆ ಅಜ್ಜಿ ಬಾಲ್ಕನಿಯಿಂದ ಕೂಗಿದರು: "ಒಂದು ಟವೆಲ್ಲು ಕೆಳಗಿನ ಮನೆಯವರ ಸ್ಕೂಟರಿನ ಮೇಲೆ ಬಿದ್ದಿದೆ. ಮಗನ ಬನಿಯನ್ನು ಎಲ್ಲಿ ಹೋಯ್ತೋ ಗೊತ್ತಿಲ್ಲ. ಹಡಗಿಗೆ ಕ್ಲಿಪ್ಪು, ನಮ್ಮ ಮಾನಕ್ಕೆ ಗಾಳಿ."

ಮೊಮ್ಮಗಳಿಗೆ ಹದಿನಾಲ್ಕು. ಯಾವ ಮಾತಿಗೂ ಎದುರುವಾದ ಹೂಡುತ್ತಿದ್ದುದರಿಂದ ವಕೀಲಮ್ಮ ಎಂಬ ಹೆಸರು ಬಿದ್ದಿತ್ತು. "ಅಜ್ಜಿ, ಕ್ಲಿಪ್ಪು ಮನೆಗೆ ಸೇರಿದ್ದು. ಹಡಗೂ ಮನೆಗೆ ಸೇರಿದ್ದು. ಕಳ್ಳತನ ಆಗಲ್ಲ," ಎಂದಳು.

"ಹೊಸ ಕ್ಲಿಪ್ಪು ತಂದುಕೊಟ್ಟು ಆಮೇಲೆ ವಾದ ಮಾಡು."

ಸೊಸೆ ಈ ಮನೆಗೆ ಬಂದು ಹದಿನೇಳು ವರ್ಷವಾಗಿತ್ತು. ಅಷ್ಟು ವರ್ಷಗಳಲ್ಲಿ ಮಾವನೊಂದಿಗೆ ಆಡಿದ ಮಾತೆಲ್ಲ ಟೀ ಬೇಕಾ, ಕನ್ನಡಕ ಇಲ್ಲಿದೆ, ಬಾಗಿಲು ಹಾಕ್ಕೊಳ್ಳಿ ಎಂಬಷ್ಟರಲ್ಲಿ ಮುಗಿಯುತ್ತಿತ್ತು. ಹಡಗು ಬಂದ ಮೇಲೆ ಮಾತು ಬೆಳೆಯಿತು. ಪಟ್ಟಿಯ ತುದಿಯನ್ನು ಸಣ್ಣ ಮಾಡುವುದು ಹೇಗೆಂದು ಅವರು ತೋರಿಸಿಕೊಟ್ಟರು. "ನಡುವಲ್ಲಿ ಅಗಲ, ಮೂತಿ ಹತ್ರ ಸಣ್ಣ. ಬ್ಲೌಸಿಗೆ ಡಾರ್ಟ್ ಹಿಡಿಯಲ್ವಾ, ಅದೇ ಲೆಕ್ಕ. ಮೈಗೆ ಬಟ್ಟೆ ಹೇಗೆ ಕೂರುತ್ತೋ ಹಾಗೆ ಕೂರ್ಬೇಕು." ಅವಳು ಪ್ರಯೋಗಾಲಯದಿಂದ ಒಂದು ಹಳೆಯ ಉಕ್ಕಿನ ಅಳತೆಪಟ್ಟಿ ತಂದಳು, ಅದರಲ್ಲಿ ಅರ್ಧ ಮಿಲಿಮೀಟರಿನ ಗೆರೆಗಳೂ ಇದ್ದವು. ಒಂದು ಸಂಜೆ ಅವಳು ಕೂರಿಸಿದ ಪಟ್ಟಿಯ ಮೇಲೆ ಮಾಸ್ಟರ್ ಉಗುರನ್ನು ಮೂತಿಯಿಂದ ಹಿಂಬದಿಯವರೆಗೆ ಎಳೆದರು. ಎಲ್ಲೂ ತಡೆಯಲಿಲ್ಲ.

"ನನ್ನ ಕೈಕೆಳಗೆ ಇಪ್ಪತ್ತು ಜನ ಇದ್ರು," ಎಂದರು. "ಇಂಥ ಕೈ ಎರಡೋ ಮೂರೋ."

ಮರುದಿನ ಬೆಳಗ್ಗೆ ಅವರ ಟೀ ಎಂದಿಗಿಂತ ಬೇಗ ಬಂತು.

ಏಪ್ರಿಲ್ ಮೊದಲ ವಾರದ ಒಂದು ರಾತ್ರಿ, ಅನ್ನದ ಮೇಲೆ ಬೇಯಿಸಿದ ಹುರುಳಿಕಾಯಿ ಬಡಿಸುತ್ತ ಸೊಸೆ ಹೇಳಿದಳು: "ಜಲಾಶಯದ ಹತ್ರ ಹೊಸ ಪ್ರಯೋಗಾಲಯ ಶುರು ಮಾಡ್ತಿದ್ದಾರೆ. ಎರಡು ವರ್ಷಕ್ಕೆ ನನ್ನನ್ನ ಉಸ್ತುವಾರಿಗೆ ಕರೀತಿದ್ದಾರೆ."

"ಎಲ್ಲಿ ಜಲಾಶಯ?" ಎಂದ ಮಗ.

"ರೈಲಲ್ಲಿ ಐದು ಗಂಟೆ."

ಹುರುಳಿಕಾಯಿಯ ಪಾತ್ರೆ ಒಂದು ಸುತ್ತು ಬಂದಿತು.

"ಹೋಗು ಅಂತಿದ್ದಾರಾ, ಹೋಗ್ತೀಯಾ ಅಂತ ಕೇಳ್ತಿದ್ದಾರಾ?"

"ಕೇಳ್ತಿದ್ದಾರೆ. ತಿಂಗಳ ಕೊನೆಗೆ ಉತ್ತರ ಹೇಳ್ಬೇಕು."

"ಹಾಗಾದ್ರೆ ಸರಿ," ಎಂದ ಮಗ, ಸಮಾಧಾನದಿಂದ.

"ಏನು ಸರಿ?"

"ಕೇಳ್ತಿದ್ದಾರೆ ತಾನೇ. ಬೇಡ ಅನ್ನಬಹುದಲ್ಲ."

ಅಜ್ಜಿ ಮಂಡಿಯ ಮೇಲೆ ಕೈಯಿಟ್ಟುಕೊಂಡರು. "ಮೂರು ಮಹಡಿ ಇಳಿದು ತರಕಾರಿ ತರೋಕೆ ನನ್ನ ಕೈಲಿ ಆಗಲ್ಲ. ನನಗೆ ಮುಲಾಮು ಹಚ್ಚೋರು ಯಾರು? ಇವಳ ಡಬ್ಬಿ ಕಟ್ಟೋರು ಯಾರು? ಬಟ್ಟೆ?"

"ಅಜ್ಜಿ, ನನ್ನ ಡಬ್ಬಿ ನಾನೇ ಕಟ್ಕೋತೀನಿ," ಎಂದಳು ವಕೀಲಮ್ಮ.

"ನೀನು ಕಟ್ಟಿದ ಡಬ್ಬೀಲಿ ಬಿಸ್ಕತ್ತು ಬಿಟ್ರೆ ಏನಿರುತ್ತೆ?"

ಸೊಸೆ ಪಾತ್ರೆ ಕೆಳಗಿಟ್ಟಳು. ಅವಳು ಮಾಡಿದ ಪರೀಕ್ಷೆಗಳ ಕೆಳಗೆ ಇಷ್ಟು ವರ್ಷವೂ ಬೇರೆಯವರ ಸಹಿ ಇರುತ್ತಿತ್ತು. ಹೊಸ ಜಾಗದಲ್ಲಿ ಸಹಿ ಅವಳದೇ. ಅದನ್ನೇ ಹೇಳಿದಳು, ಹೇಳುವಾಗ ಗಂಡನನ್ನಾಗಲಿ ಅತ್ತೆಯನ್ನಾಗಲಿ ನೋಡಲಿಲ್ಲ, ಮಾವನನ್ನು ನೋಡಿದಳು.

ಮಾಸ್ಟರ್ ನೀರು ಕುಡಿದು ಲೋಟ ಇಟ್ಟರು. "ಮನೆ ಅಂದ್ಮೇಲೆ ಎಲ್ಲರೂ ಒಂದು ಕಡೆ ಇದ್ರೆ ಚೆನ್ನ. ಆ ಕೆಲ್ಸಕ್ಕೆ ಬೇರೆ ಯಾರೂ ಸಿಗಲ್ವಾ?"

ಆ ರಾತ್ರಿ ತಟ್ಟೆ ತೊಳೆದಾದ ಮೇಲೆ ಅವರು ಪಟ್ಟಿಗಳನ್ನು ನೀರಿಗೆ ಹಾಕಿ ಕಾದರು. ಅವಳು ಅಡುಗೆಮನೆಯ ದೀಪ ಆರಿಸಿ, ಮೇಜಿನ ಪಕ್ಕದಿಂದ ಹಾದು ಹೋದಳು.

"ಬಲಗಡೆದು ನೆನೆದಿದೆ, ಅಮ್ಮಾ."

"ಬಲಗಡೆಗೂ ಬೇರೆ ಯಾರಾದ್ರೂ ಸಿಗ್ತಾರೆ, ಮಾವ," ಎಂದಳು ಸೊಸೆ, ಮತ್ತು ಕೋಣೆಗೆ ಹೋದಳು.

ಮುಂದಿನ ದಿನಗಳಲ್ಲಿ ಮನೆಯ ಕೆಲಸ ಒಂದೂ ನಿಲ್ಲಲಿಲ್ಲ. ಟೀ ಸಮಯಕ್ಕೆ ಬಂತು, ಮುಲಾಮು ಹಚ್ಚಿದ್ದಾಯಿತು, ಇಸ್ತ್ರಿಯಾಯಿತು. ಮಾತು ಮಾತ್ರ ಬೇಕಾದಷ್ಟಕ್ಕೆ ಬಂದು ನಿಂತಿತು. ಮಗ ಒಂದು ಬೆಳಗ್ಗೆ ಹೆಂಡತಿಯನ್ನು ಡ್ರೈವಿಂಗ್ ಶಾಲೆಯ ಕಾರಿನಲ್ಲೇ ಕೆಲಸಕ್ಕೆ ಬಿಡಲು ಹೊರಟ. ಸ್ಟೀರಿಂಗ್ ಹಿಂದೆ ಅವಳು ಕೂತಳು, ಅವನು ಪಕ್ಕದಲ್ಲಿ; ಅವನ ಕಾಲ ಬಳಿಯೂ ಒಂದು ಬ್ರೇಕಿತ್ತು. ಮುಂದೆ ಬಸ್ಸೊಂದು ನಿಧಾನವಾಯಿತು. ಅವಳು ಬ್ರೇಕ್ ಒತ್ತುವ ಮುಂಚೆಯೇ ಕಾರು ನಿಂತಿತು.

"ನಾನು ನೋಡಿದ್ದೆ ಬಸ್ಸನ್ನ," ಎಂದಳು.

"ಅಭ್ಯಾಸ. ಕಾಲು ತಾನೇ ಹೋಗುತ್ತೆ."

"ಮನೇಲೂ ಹಾಗೇ. ಗಾಡಿ ಓಡಿಸೋಳು ನಾನು, ಬ್ರೇಕು ನಿಮ್ಮ ಕಾಲಲ್ಲಿ."

"ನಾನೇನು ಹೋಗ್ಬೇಡ ಅಂದ್ನಾ?"

"ಬೇಡ ಅನ್ನಬಹುದಲ್ಲ ಅಂದ್ರಿ."

"ಅದು ಬೇರೆ."

"ಏನು ಬೇರೆ, ಹೇಳಿ."

ಹಿಂದಿನವರು ಹಾರ್ನ್ ಹೊಡೆದರು. ಅವಳು ಗೇರು ಹಾಕಿದಳು.

ಮಾಸ್ಟರ್ ದಿನವೂ ಊಟವಾದ ಮೇಲೆ ಒಬ್ಬರೇ ಕೂರುತ್ತಿದ್ದರು. ಒಂದು ಪಟ್ಟಿ ನೆನೆಸುವರು, ಬಾಗಿಸುವರು, ತುದಿ ಸವರಿ ಸಣ್ಣ ಮಾಡುವರು, ಅಂಟಿಸಿ ಕ್ಲಿಪ್ಪು ಹಾಕುವರು. ಎಲ್ಲವೂ ಎಡಗಡೆಗೇ. ಬಲಗಡೆ ಅವಳು ಬಿಟ್ಟುಹೋದಷ್ಟೇ ಇತ್ತು, ಮೇಲಿನ ಆರೇ ಪಟ್ಟಿಗಳು. ಉಳಿದದ್ದೆಲ್ಲ ಬರೀ ಪಕ್ಕೆ. ಅದರ ಮೇಲೆ ಧೂಳು ಕೂರದಿರಲೆಂದು ಒಂದು ಬಿಳಿ ಬಟ್ಟೆ ಹೊದಿಸಿದ್ದರು.

"ಆ ಕಡೆದೂ ನೀವೇ ಹಾಕ್ರೀ," ಎಂದರು ಅಜ್ಜಿ. "ಬೇಗ ಮುಗಿದ್ರೆ ಮೇಜಾದ್ರೂ ಸಿಗುತ್ತೆ."

"ಅದು ಅವಳ ಕಡೆ. ನಾನು ಮುಟ್ಟಲ್ಲ."

"ಪುಸ್ತಕದಲ್ಲಿ ಜೊತೆಜೊತೆಗೆ ಅಂತಿದೆ, ತಾತ," ಎಂದಳು ವಕೀಲಮ್ಮ.

"ಶರ್ಟಿನ ಎಡಭಾಗ ಇವತ್ತು ಕತ್ತರಿಸಿ ಬಲಭಾಗ ನಾಳೆ ಕತ್ತರಿಸಿದ್ರೆ ಶರ್ಟೇನು ಸೊಟ್ಟ ಆಗುತ್ತಾ? ಅವಳಿಗೆ ಮನಸ್ಸಾದಾಗ ಬಂದು ಹಾಕ್ತಾಳೆ. ಕಾಯುತ್ತೆ."

ಏಪ್ರಿಲ್ ನಡುವಿನಲ್ಲಿ ಒಂದು ರಾತ್ರಿ ಸೊಸೆ ಸೂಪಿನ ಪಾತ್ರೆ ತಂದಿಟ್ಟು, "ತಿಂಗಳ ಕೊನೆಗೆ ಆಗಲ್ಲ ಅಂತ ಹೇಳ್ಬಿಡ್ತೀನಿ," ಎಂದಳು. ಮಗ ಎರಡು ಸಲ ಸೂಪು ಹಾಕಿಸಿಕೊಂಡ. ಅಜ್ಜಿ, "ಇವತ್ತು ಸೂಪು ಚೆನ್ನಾಗಿದೆ," ಎಂದರು. ವಕೀಲಮ್ಮ ಚಮಚ ಕೆಳಗಿಟ್ಟಳು. "ಅಮ್ಮ ಹೋಗ್ಬೇಕಾ ಬೇಡ್ವಾ ಅಂತ ನಾವೆಲ್ಲ ಹೇಳಿದ್ವಿ. ಅವರಿಗೆ ಆಸೆ ಇದೆಯಾ ಅಂತ ಯಾರಾದ್ರೂ ಕೇಳಿದ್ರಾ?"

"ಊಟ ಮಾಡು," ಎಂದರು ಮೂವರು. ಅದರಲ್ಲಿ ಒಬ್ಬಳು ಅವಳ ಅಮ್ಮನೇ.

ಎಡಗಡೆಯ ಕೊನೆಯ ಪಟ್ಟಿ ಒಂದು ಶನಿವಾರ ಮಧ್ಯಾಹ್ನ ಕೂತಿತು. ಮಾಸ್ಟರ್ ಕ್ಲಿಪ್ಪುಗಳನ್ನೆಲ್ಲ ತೆಗೆದು, ಬಟ್ಟೆ ಸರಿಸಿ, ಹಡಗನ್ನು ಎರಡು ಕೈಯಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಒಂದು ಕಣ್ಣು ಮುಚ್ಚಿ ಮೂತಿಯ ಕಡೆಯಿಂದ ನೋಡಿದರು. ಮತ್ತೆ ಇನ್ನೊಂದು ಕಣ್ಣು ಮುಚ್ಚಿ ನೋಡಿದರು. ಆಮೇಲೆ ಹೊಲಿಗೆಯ ಡಬ್ಬಿಯಿಂದ ಬಿಳಿ ದಾರ ತೆಗೆದು, ಬೆನ್ನುಹಲಗೆಯ ಈ ತುದಿಯಿಂದ ಆ ತುದಿಗೆ ಬಿಗಿಯಾಗಿ ಹಿಡಿದರು. ದಾರ ನೆಟ್ಟಗಿತ್ತು. ಹಡಗು ನಡುವಿನಲ್ಲಿ ದಾರವನ್ನು ಬಿಟ್ಟು ಬಲಕ್ಕೆ ಉಬ್ಬಿತ್ತು. ಮೂತಿ, ಬಾಲ ಎರಡೂ ಎಡಕ್ಕೆ ತಿರುಗಿದ್ದವು.

ಅಜ್ಜಿ ಕುರ್ಚಿಯಲ್ಲೇ ಕತ್ತು ಚಾಚಿದರು. "ಬಾಳೆಹಣ್ಣಿನ ಹಾಗಿದೆಯಲ್ರೀ."

"ಹೂಂ."

"ಹಾಗೇ ಇರ್ಬೇಕಾ ಅದು?"

ಮಾಸ್ಟರ್ ಹಡಗನ್ನು ಎತ್ತಿಕೊಂಡು ಬಾಲ್ಕನಿಗೆ ಹೋದರು. ಸೊಸೆ ಅಲ್ಲಿ, ಉಳಿದ ಕೆಲವೇ ಕ್ಲಿಪ್ಪುಗಳಿಂದ, ಎರಡೆರಡು ಬಟ್ಟೆಗಳನ್ನು ಒಂದೊಂದಕ್ಕೆ ಸಿಕ್ಕಿಸುತ್ತಿದ್ದಳು.

"ಸ್ವಲ್ಪ ನೋಡಮ್ಮ ಇದನ್ನ."

ಅವಳು ನೋಡಿದಳು. ಒದ್ದೆ ಕೈಯನ್ನು ಒರೆಸಿಕೊಂಡು, ಒಳಗಿಂದ ಉಕ್ಕಿನ ಅಳತೆಪಟ್ಟಿ ತಂದಳು. ಅವರು ದಾರ ಹಿಡಿದರು, ಅವಳು ಅಳೆದಳು. "ಹನ್ನೊಂದು ಮಿಲಿಮೀಟರ್."

"ಇಪ್ಪತ್ತು ಪಟ್ಟಿ ಹಾಕೋವಾಗ ಕಣ್ಣಿಗೇ ಬೀಳಲಿಲ್ಲ."

"ಒದ್ದೆ ಪಟ್ಟಿ ಒಣಗ್ತಾ ಕುಗ್ಗುತ್ತೆ, ಮಾವ. ಒಂದೊಂದೂ ಚೂರು ಚೂರೇ ಎಳೆದಿದೆ. ಈ ಕಡೆಯಿಂದ ಎಳೆಯೋಕೆ ಏನೂ ಇರಲಿಲ್ಲ." ಅವಳು ಬೆರಳಿನಿಂದ ಬರೀ ಪಕ್ಕೆಗಳನ್ನು ಮುಟ್ಟಿದಳು. "ಜೊತೆಜೊತೆಗೆ ಅಂತ ಓದಿ ಹೇಳಿದ್ದೆನಲ್ಲ."

"ಹೇಳಿದ್ದೆ. ಬಟ್ಟೆ ಹೀಗೆಲ್ಲ ಮಾಡಲ್ಲ. ಬಟ್ಟೆ ಕಾಯುತ್ತೆ."

"ನನ್ನ ಕಡೆದನ್ನೂ ನೀವೇ ಹಾಕಬಹುದಿತ್ತು."

"ನಿನ್ನ ಕಡೆ ನಾನು ಹೇಗೆ ಕೈ ಹಾಕ್ಲಿ?"

"ಬೇರೆ ಯಾರೂ ಸಿಗಲಿಲ್ವಾ?"

ಕೆಳಗೆ ರಸ್ತೆಯಲ್ಲಿ ಯಾರೋ ಗ್ಯಾಸ್ ಸಿಲಿಂಡರ್ ಉರುಳಿಸಿಕೊಂಡು ಹೋಗುತ್ತಿದ್ದರು. ಮಾಸ್ಟರ್ ಹಡಗಿನ ಮೇಲಿಂದ ದಾರ ಬಿಡಿಸಿ ಬೆರಳಿಗೆ ಸುತ್ತಿಕೊಂಡರು.

"ಹುಡುಕಲಿಲ್ಲ," ಎಂದರು. ಮತ್ತೆ, "ಅವತ್ತು ನಾನು ಹಾಗನ್ನಬಾರದಿತ್ತು. ನಿನಗೆ ಹೋಗೋಕೆ ಮನಸ್ಸಿದೆಯಾ?"

"ಇದೆ."

"ಮನೆ ಹೇಗೆ ಅಂತ ಭಯ?"

"ಭಯ ನನಗಲ್ಲ, ಮಾವ. ನಿಮಗೆಲ್ಲ."

ಮಾಸ್ಟರ್ ಹಡಗನ್ನು ಅವಳ ಕೈಗೆ ಕೊಟ್ಟು, ಒಳಗೆ ಹೋಗಿ ಹಾಲ್‌ನ ನಡುವೆ ನಿಂತರು. ಅಜ್ಜಿ ಅವರೆಕಾಳು ಬಿಡಿಸುತ್ತಿದ್ದರು, ಮಗ ಫೋನ್ ನೋಡುತ್ತಿದ್ದ, ವಕೀಲಮ್ಮ ನೆಲದ ಮೇಲೆ ಮಲಗಿ ಓದುತ್ತಿದ್ದಳು.

"ಸೋಮವಾರದಿಂದ ಟ್ರಯಲ್," ಎಂದರು.

"ಏನಪ್ಪಾ ಟ್ರಯಲ್?"

"ಕೋಟು ಹೊಲಿಯೋವಾಗ ಪೂರ್ತಿ ಹೊಲಿದು ಆಮೇಲೆ ಹಾಕಿ ನೋಡ್ತಾರಾ? ಕಚ್ಚಾ ಹೊಲಿಗೆ ಹಾಕಿ ಒಂದ್ಸಲ ತೊಡಿಸ್ತಾರೆ. ಎಲ್ಲಿ ಬಿಗಿ, ಎಲ್ಲಿ ಸಡಿಲ ನೋಡ್ತಾರೆ. ಒಂದು ವಾರ ಇವಳು ಈ ಊರಲ್ಲಿಲ್ಲ. ಕೆಲಸಕ್ಕೆ ಹೋಗಿ ಬಂದು ಕೋಣೆ ಸೇರ್ತಾಳೆ. ಆ ಕೋಣೆ ಐದು ಗಂಟೆ ದೂರ. ಅಡುಗೆ ನಾನು ಮಾಡ್ತೀನಿ."

ಅಜ್ಜಿಯ ಕೈಯಲ್ಲಿದ್ದ ಕಾಯಿ ಹಾಗೇ ಉಳಿಯಿತು. "ನೀವು? ನೀರು ಕಾಯಿಸೋಕೆ ಪಾತ್ರೆ ಎಲ್ಲಿದೆ ಅಂತ ಗೊತ್ತಾ?"

"ಪಟ್ಟಿ ನೆನೆಸೋಕೆ ದಿನಾ ಕಾಯಿಸ್ತೀನಲ್ಲ."

"ಹಾಗಾದ್ರೆ ಒಂದು ವಾರ ನಮಗೆ ಪಟ್ಟಿ ಊಟ."

"ನಾನೆಲ್ಲಿ ಮಲಗ್ಲಿ?" ಎಂದ ಮಗ.

"ನಿಮ್ಮ ಹೆಂಡತಿ ಬೇರೆ ಊರಲ್ಲಿದ್ದಾರೆ," ಎಂದಳು ವಕೀಲಮ್ಮ. "ಹಾಲ್‌ನಲ್ಲಿ."

ಭಾನುವಾರವೇ ವಕೀಲಮ್ಮ ಕೋಣೆಯ ಬಾಗಿಲಿಗೆ ಒಂದು ಕಾಗದ ಅಂಟಿಸಿದಳು: ಐದು ಗಂಟೆ ದೂರ. ತಟ್ಟಬೇಡಿ. ತೀರಾ ಬೇಕಾದರೆ ಫೋನ್ ಮಾಡಿ.

ಸೋಮವಾರ ಮಾಸ್ಟರ್ ಆಲೂಗಡ್ಡೆ ಹೆಚ್ಚಿದರು. ಪ್ರತಿ ತುಂಡೂ ಒಂದೇ ಅಳತೆ, ಪ್ರತಿ ಮೂಲೆಯೂ ಚೌಕ. ಮುಗಿಯುವಷ್ಟರಲ್ಲಿ ಊಟದ ಹೊತ್ತು ದಾಟಿತ್ತು. "ಇದನ್ನೇನು ಅಂಗಡಿ ಕಿಟಕೀಲಿ ಇಡ್ತೀರಾ?" ಎಂದರು ಅಜ್ಜಿ. ಮಂಗಳವಾರ ಉಪ್ಪು ಹಾಕಲು ಮರೆತರು. ಎಲ್ಲರೂ ಕಾಣದಂತೆ ಉಪ್ಪಿನ ಡಬ್ಬಿಯನ್ನು ಮೇಜಿನ ಕೆಳಗಿಂದ ಒಬ್ಬರಿಗೊಬ್ಬರು ದಾಟಿಸಿದರು. ಮಾಸ್ಟರ್ ಕೂಡ ಕೊನೆಗೆ ಕೈ ಚಾಚಿದರು. ಬುಧವಾರ ವಕೀಲಮ್ಮನಿಗೆ ಶಾಲೆ ತಡವಾಯಿತು, ಅಜ್ಜಿಗೆ ಮುಲಾಮು ಹಚ್ಚಲು ಯಾರಿಗೂ ನೆನಪಾಗಲಿಲ್ಲ. ಅಜ್ಜಿ ಅದನ್ನು ಯಾರಿಗೂ ನೆನಪಿಸಲೂ ಇಲ್ಲ. ಆಮೇಲೆ ಮುಲಾಮಿನ ಟ್ಯೂಬನ್ನು ತಾವೇ ಹಿಂಡಿ ಹಚ್ಚಿಕೊಂಡು, ಸೋಫಾದ ತೋಳಿಗೆ ಕೈ ಒರೆಸಿದರು.

ಅದೇ ಸಂಜೆ ಮಗ ಬಟ್ಟೆ ಒಗೆಯುವ ಮೆಷಿನ್ ಹಾಕಿದ. ಸ್ವಲ್ಪ ಹೊತ್ತಿನಲ್ಲಿ ನೀರು ಬಚ್ಚಲ ಹೊಸ್ತಿಲು ದಾಟಿ ಹಾಲ್‌ಗೆ ಬಂತು. ಅವನು ಕೋಣೆಯ ಬಾಗಿಲಿಗೆ ಹೋಗಿ ಕೈ ಎತ್ತಿದ. ಹಿಂದಿನಿಂದ ಮಗಳು, "ಫೋನ್," ಎಂದಳು. ಬಾಗಿಲ ಎದುರಿಗೇ ನಿಂತು ಅವನು ಹೆಂಡತಿಗೆ ಫೋನ್ ಮಾಡಿದ. ಒಳಗೆ ಗಂಟೆ ಬಾರಿಸಿದ್ದು ಅವನಿಗೆ ಕೇಳಿಸಿತು.

"ಮೆಷಿನ್ನಿಂದ ನೀರು ಬರ್ತಿದೆ."

"ಮೆಷಿನ್ನನ್ನ ಗೋಡೆಗೆ ತಳ್ಳಿದ್ರಾ?" ಅವಳ ದನಿ ಮೊದಲು ಬಾಗಿಲಿನಿಂದ ಬಂತು, ಆಮೇಲೆ ಒಂದು ಚೂರು ತಡವಾಗಿ ಫೋನಿನಿಂದ.

"ಹೌದು. ಜಾಗ ಆಗ್ಲಿ ಅಂತ."

"ಹಿಂದೆ ಪೈಪು ಕಳಚಿರುತ್ತೆ. ಮುಂದಕ್ಕೆ ಎಳೆದು ಸಿಕ್ಕಿಸಿ."

ಅವನು ಹೋಗಿ ಸಿಕ್ಕಿಸಿ, ನೆಲ ಒರೆಸಿ ಬಂದ. ಫೋನ್ ಕಡಿದಿರಲಿಲ್ಲ. ಅವನು ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತ.

"ನಿಂತಿತು," ಎಂದ. "ಊಟ ಆಯ್ತಾ?"

"ಆಯ್ತು. ಬ್ರೆಡ್ಡು, ಮೊಟ್ಟೆ. ನಿಮ್ಮದು?"

"ಅಪ್ಪ ಇನ್ನೂ ಕ್ಯಾರೆಟ್ ಹೆಚ್ತಿದ್ದಾರೆ."

ಅವಳು ನಕ್ಕಳು. ಆ ನಗುವೂ ಎರಡು ಸಲ ಕೇಳಿಸಿತು.

"ಅಲ್ಲಿ ಹೇಗಿದೆ?" ಎಂದ ಅವನು.

"ನೀರು ಚೆನ್ನಾಗಿದೆ."

"ಒಬ್ಳೇ ಇದ್ದು ಬೇಜಾರಾಗಲ್ವಾ?"

"ಆಗುತ್ತೆ. ಆದ್ರೂ ಇರ್ತೀನಿ." ಆಮೇಲೆ, "ನೀವು ಹೀಗೆ ಊಟ ಆಯ್ತಾ ಅಂತ ಕೇಳಿ ಎಷ್ಟು ಕಾಲ ಆಯ್ತು ಗೊತ್ತಾ?"

"ದಿನಾ ಜೊತೇಲೇ ಕೂತು ಉಣ್ಣೋವಾಗ ಏನಂತ ಕೇಳೋದು?" ಎಂದ ಅವನು. ಮತ್ತೆ ಹೇಳಿದ: "ಅಲ್ಲಿಗೆ ಹೋದ್ರೆ ದಿನಾ ಕೇಳ್ತೀನಿ. ವಾರಕ್ಕೊಂದ್ಸಲ ನಾನೇ ಬರ್ತೀನಿ. ಭಾನುವಾರ ಪಾಠ ಇರಲ್ಲ."

"ಬ್ರೇಕು?"

"ಅಷ್ಟು ದೂರಕ್ಕೆ ಕಾಲು ಎಟಕಲ್ಲ."

ಶುಕ್ರವಾರದ ಊಟ ಸಮಯಕ್ಕೆ ಬಂತು, ಉಪ್ಪೂ ಇತ್ತು. ಮಗನ ಒಂದು ಬಿಳಿ ಶರ್ಟು ಮಾತ್ರ ಗುಲಾಬಿ ಬಣ್ಣಕ್ಕೆ ತಿರುಗಿತ್ತು; ಕಲಿಯಲು ಬರುವವರು ದೂರದಿಂದಲೇ ಗುರುತು ಹಿಡಿಯಲೆಂದು ಅದನ್ನೇ ಹಾಕಿಕೊಂಡೆ ಎಂದು ಅವನು ಹೇಳಿಕೊಂಡ. ಶನಿವಾರ ಬೆಳಗ್ಗೆ ವಕೀಲಮ್ಮ ಬಾಗಿಲಿನ ಕಾಗದ ಕಿತ್ತಳು. ಸೊಸೆ ಹೊರಗೆ ಬಂದು ಮೇಜಿನ ಬಳಿ ಕೂತಳು. ಮಾಸ್ಟರ್ ಎದುರು ಕೂತು ತೀರ್ಪು ಹೇಳಿದರು.

"ಕಂಕುಳಲ್ಲಿ ಬಿಗಿ. ಸೊಂಟದಲ್ಲಿ ಸಡಿಲ. ತೋಳು ಒಂದು ಚೂರು ಮೋಟು. ಆದ್ರೆ ತೊಟ್ಕೊಂಡು ಹೊರಗೆ ಹೋಗಬಹುದು."

"ಮುಲಾಮು?" ಎಂದು ಸೊಸೆ ಅತ್ತೆಯ ಕಡೆ ತಿರುಗಿದಳು.

"ಹಚ್ಕೊಂಡೆ," ಎಂದರು ಅಜ್ಜಿ. "ನನ್ನ ಮಂಡಿ ನನ್ನ ಕೈಗೆ ಎಟಕುತ್ತೆ ಅಂತ ಈ ವಾರ ಗೊತ್ತಾಯ್ತು. ಆದ್ರೆ ಕೇಳು, ಎರಡು ವರ್ಷ ಅಂದ್ರೆ ಎರಡೇ ವರ್ಷ. ಮೂರಾದ್ರೆ ನಾನೇ ರೈಲು ಹತ್ತಿ ಬಂದು ಕರ್ಕೊಂಡು ಬರ್ತೀನಿ."

"ಮಂಡಿ ಇಟ್ಕೊಂಡಾ, ಅತ್ತೆ?"

"ಬಿಟ್ಟು ಬರ್ತೀನಾ ಮತ್ತೆ? ಅದೂ ಬರುತ್ತೆ ಜೊತೇಲಿ."

ತಿಂಗಳ ಕೊನೆಗೆ ಸೊಸೆ ಹೊಸ ಪ್ರಯೋಗಾಲಯಕ್ಕೆ ಬರುತ್ತೇನೆ ಎಂದು ಇಲಾಖೆಗೆ ಹೇಳಿದಳು.

ಹೊರಡಲು ಇನ್ನೂ ಎರಡು ವಾರವಿತ್ತು. ಅಷ್ಟರಲ್ಲಿ ಹಡಗನ್ನು ಸರಿಪಡಿಸಬೇಕಿತ್ತು. ಮಗ ಹಳೆಯ ಕಪಾಟಿನಿಂದ ಒಂದು ನೇರ ಹಲಗೆ ಕಳಚಿಕೊಟ್ಟ. ಎಡಗಡೆ ಕೂತ ಪಟ್ಟಿಗಳನ್ನು ಅಲ್ಲಲ್ಲಿ ಸೀಳಿ ಬಿಗಿ ಬಿಡಿಸದೆ ಬೆನ್ನುಹಲಗೆ ಮತ್ತೆ ನೆಟ್ಟಗಾಗುವಂತಿರಲಿಲ್ಲ. ಸೊಸೆ ಬ್ಲೇಡು ಹಿಡಿದು ಮಾವನ ಮುಖ ನೋಡಿದಳು. ಒಂದೊಂದನ್ನೂ ಅವರು ಒಬ್ಬರೇ ಕೂತು ಕೂರಿಸಿದ್ದರು.

"ಕೊಡು ಇಲ್ಲಿ," ಎಂದರು ಮಾಸ್ಟರ್. "ಬಿಚ್ಚೋದಕ್ಕೆ ನನಗೆ ನಾಚಿಕೆ ಇಲ್ಲ. ಹೊಲಿದಷ್ಟೇ ಬಿಚ್ಚಿದೀನಿ ನಾನು."

ಅವರೇ ಸೀಳಿದರು. ಒದ್ದೆ ಬಟ್ಟೆ ಸುತ್ತಿ ನೆನೆಸಿ, ಬೆನ್ನುಹಲಗೆಯನ್ನು ನೇರ ಹಲಗೆಗೆ ಒತ್ತಿ, ಮಗ ತಂದ ಕಬ್ಬಿಣದ ಕ್ಲಾಂಪುಗಳಿಂದ ಬಿಗಿದರು. ದಿನವೂ ಊಟವಾದ ಮೇಲೆ ಸೊಸೆ ಬಲಗಡೆಗೆ ಪಟ್ಟಿ ಹಾಕಿದಳು. ಅವಳು ಒಂದು ಹಾಕಿದಾಗ ಅವರು ಎಡಗಡೆಯಲ್ಲಿ ಸೀಳಿದ ಒಂದು ಜಾಗ ಮುಚ್ಚುತ್ತಿದ್ದರು. ಅಜ್ಜಿ ಪಕ್ಕದಲ್ಲಿ ಕೂತು ಕ್ಲಿಪ್ಪು ಎಣಿಸಿ ಕೊಡುತ್ತಿದ್ದರು. "ಲೆಕ್ಕ ಇದೆ ನನ್ನ ಹತ್ರ. ಒಂದು ಕಮ್ಮಿ ಆದ್ರೂ ಹಡಗು ಬಿಚ್ಚಿಸ್ತೀನಿ."

ಕೊನೆಯ ಪಟ್ಟಿ ಅವಳು ರೈಲು ಹತ್ತುವ ಹಿಂದಿನ ದಿನ ಕೂತಿತು.

"ಕ್ಲಾಂಪು ಯಾವಾಗ ತೆಗೀತೀರಾ, ಮಾವ?"

"ನೀನು ಬಂದಾಗ."

"ನಾನು ಬರೋದು ಮುಂದಿನ ತಿಂಗಳು. ಅಷ್ಟು ದಿನ ಬೇಕಾಗಿಲ್ಲ, ನಾಳೆ ನಾಡಿದ್ದರಲ್ಲಿ ಒಣಗುತ್ತೆ."

"ಒಣಗ್ಲಿ. ಇದರ ಮೇಲೆ ಇನ್ನೊಂದು ಪದರ ಹಾಕ್ಬೇಕು ಅಂತ ಪುಸ್ತಕದಲ್ಲೇ ಇದೆಯಲ್ಲ, ತೆಳು ಪಟ್ಟಿದು. ಅದನ್ನೂ ನೀನು ಬಂದಾಗ ಒಂದು, ನಾನು ಒಂದು."

"ಎರಡು ವರ್ಷ ಆಗುತ್ತೆ ಹಾಗೆ ಮಾಡಿದ್ರೆ."

"ಆಗ್ಲಿ," ಎಂದರು ಮಾಸ್ಟರ್. ಅಡುಗೆಮನೆಯಲ್ಲಿ ಅಜ್ಜಿ, "ಎರಡು ವರ್ಷ ಅರ್ಧ ಮೇಜಲ್ಲಿ ಊಟ," ಎಂದು ಪಾತ್ರೆಗಳಿಗೆ ಹೇಳಿಕೊಂಡರು.

ಜೂನ್ ತಿಂಗಳ ಒಂದು ಶನಿವಾರ ಸಂಜೆ ಸೊಸೆ ಬಂದಳು. ಮಗ ಸ್ಟೇಷನ್ನಿನಿಂದ ಕರೆತಂದ. ಸ್ಟೀರಿಂಗ್ ಹಿಂದೆ ಅವಳೇ ಕೂತಿದ್ದಳು, ಅವನು ದಾರಿಯುದ್ದಕ್ಕೂ ಕಾಲುಗಳನ್ನು ಸೀಟಿನ ಕೆಳಗೆ ಮಡಚಿಟ್ಟುಕೊಂಡಿದ್ದ. ಮುಖ ತೊಳೆದು ಬರುವಷ್ಟರಲ್ಲಿ ಮೇಜಿನ ಮೇಲೆ ಐದು ತಟ್ಟೆಗಳು, ಒಂದೇ ಅಳತೆಯ ಕ್ಯಾರೆಟ್ಟುಗಳು, ಪಕ್ಕದ ಅರ್ಧದಲ್ಲಿ ಹಲಗೆಗೆ ಬಿಗಿದ ಹಡಗು. ಕ್ಲಾಂಪಿನ ತಿರುಪುಗಳ ಮೇಲೆ ತೆಳುವಾಗಿ ಧೂಳು ಕೂತಿತ್ತು.

"ಮೊದಲು ಊಟ," ಎಂದರು ಅಜ್ಜಿ.

"ಮೊದಲು ಇದು," ಎಂದರು ಮಾಸ್ಟರ್.

ಮಗ ತಿರುಪು ಬಿಡಿಸಿದ. ಮಾಸ್ಟರ್ ಹಡಗನ್ನು ಎತ್ತಿ ಕಿಟಕಿಯ ಬಳಿ ಒಯ್ದರು. ವಕೀಲಮ್ಮ ದಾರದ ಒಂದು ತುದಿಯನ್ನು ಮೂತಿಗೆ ಒತ್ತಿ ಹಿಡಿದಳು, ಅಜ್ಜಿ ಕುರ್ಚಿಯಿಂದ ಏಳದೆಯೇ ಇನ್ನೊಂದು ತುದಿಯನ್ನು ಬಾಲಕ್ಕೆ ಹಿಡಿದರು. ಸೊಸೆ ಉಕ್ಕಿನ ಅಳತೆಪಟ್ಟಿಯನ್ನು ಮಾವನ ಕಡೆ ಚಾಚಿದಳು.

"ನೀವು ನೋಡಿ."

"ನೀನೇ ನೋಡಮ್ಮ. ಸಹಿ ನಿನ್ನದು ತಾನೇ ಈಗ."

ಅವಳು ಬಗ್ಗಿ, ಬೆಳಕಿಗೆ ತಲೆ ಓರೆ ಮಾಡಿ, ನಡುವಿನ ಪಕ್ಕೆಯ ಬಳಿ ಅಳತೆಪಟ್ಟಿ ಇಟ್ಟಳು.

"ನೆಟ್ಟಗಾಯ್ತಾ?" ಎಂದರು ಅಜ್ಜಿ. "ಕೈ ನೋಯುತ್ತೆ, ಬೇಗ ಹೇಳು."

ಅವಳು ಇನ್ನೊಮ್ಮೆ ನೋಡಿದಳು. ದಾರಕ್ಕೂ ಬೆನ್ನುಹಲಗೆಗೂ ನಡುವೆ ಇದ್ದ ಅಂತರ ಹನ್ನೊಂದರಿಂದ ಎರಡೂವರೆ ಮಿಲಿಮೀಟರಿಗೆ ಇಳಿದಿತ್ತು.